ಹನ್ನೊಂದು ಸಲ ನಿಂತ ಪಾಠ

ಜುಲೈ ತಿಂಗಳ ಒಂದು ಗುರುವಾರ ನಾನೊಂದು ವಹಿಯಲ್ಲಿ ಮೂರು ಸಾಲು ಬರೆದೆ. ನೀಲಿ ಪೆನ್ನು, ಆದಷ್ಟು ದುಂಡಗಿನ ಅಕ್ಷರ, ಕೆಳಗೆ ಹೆಸರಿಲ್ಲ. ಬರೆದು ಮನೆಗೆ ಬಂದು ಮರೆತೂ ಬಿಟ್ಟೆ. ಆರು ತಿಂಗಳ ನಂತರ, ಜನವರಿಯ ಎರಡನೆಯ ವಾರ, ಅವೇ ಸಾಲುಗಳು ನನ್ನ ಬೆನ್ನು ಹತ್ತಿದವು. ಕುಕ್ಕರಿನ ಸೀಟಿ ಎಣಿಸುವಾಗ ಬಂದವು, ಮಗಳ ಡಬ್ಬಿಗೆ ಚಪಾತಿ ಸುತ್ತುವಾಗ ಬಂದವು. ಆ ಶನಿವಾರ ಮೂವರು ಮನುಷ್ಯರು ಒಂದು ಕೋಣೆಯಲ್ಲಿ ಕೂತು, ಆ ಸಾಲುಗಳನ್ನು ಮುಂದಿಟ್ಟುಕೊಂಡು, ಇಪ್ಪತ್ತೇಳು ವರ್ಷ ಪಾಠ ಹೇಳಿದ ಒಬ್ಬ ಹೆಂಗಸು ಉಳಿದ ಶಿಕ್ಷಕರಿಗೆ ಕಲಿಸಬಹುದೋ ಬಾರದೋ ಎಂದು ತೀರ್ಮಾನಿಸುವವರಿದ್ದರು.

ಸಾಲುಗಳು ಹೀಗಿದ್ದವು: “ನಲವತ್ತು ನಿಮಿಷದ ಪಾಠದಲ್ಲಿ ಟೀಚರ್ ಹನ್ನೊಂದು ಸಲ ಮಾತನ್ನು ನಡುವೆಯೇ ನಿಲ್ಲಿಸಿದರು. ಹೇಳುತ್ತಿದ್ದದ್ದು ಮರೆತುಹೋದಂತೆ ಕಾಣುತ್ತದೆ. ವಯಸ್ಸಾಯಿತೇನೋ.”

ನಾನು ಎಣಿಸುವ ಸ್ವಭಾವದವಳು. ಮಗಳು ಹುಟ್ಟಿದಾಗಿನಿಂದ ಅದು ಇನ್ನೂ ಹೆಚ್ಚಾಗಿದೆ. ಎಷ್ಟು ಸಲ ಕೆಮ್ಮಿದಳು, ಎಷ್ಟು ತುತ್ತು ಉಂಡಳು, ಪಕ್ಕದ ಬಿಲ್ಡಿಂಗಿನ ಅವಳ ಓರಗೆಯ ಹುಡುಗಿ ನಿಮಿಷಕ್ಕೆ ಎಷ್ಟು ಶಬ್ದ ಓದುತ್ತಾಳೆ, ನಮ್ಮವಳು ಎಷ್ಟು. ನನ್ನ ಗಂಡ ಶ್ರೀಶೈಲ ಇದಕ್ಕೆ ಸ್ನೇಹಲಳ ಜನಗಣತಿ ಎಂದು ಹೆಸರಿಟ್ಟಿದ್ದಾರೆ. ನಾನು ಬೆಳೆದದ್ದು ಬೊರಿವಲಿಯಲ್ಲಿ, ಹಳಿಯ ಪಕ್ಕದ ಒಂದು ಬಿಲ್ಡಿಂಗಿನಲ್ಲಿ. ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಧಾರವಾಡ ಬಿಟ್ಟು ಬಂದು ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ಚರ್ಚಗೇಟಿಗೆ ಓಡಾಡಿದ ನನ್ನ ಪಪ್ಪಾ ನೀಲಕಂಠಪ್ಪ ಪ್ರತಿ ರವಿವಾರ ಎದುರು ಕೂಡಿಸಿಕೊಂಡು ಕನ್ನಡ ಬರೆಸದಿದ್ದರೆ ಆ ಮೂರು ಸಾಲು ನನ್ನ ಕೈಯಿಂದ ಆಗುತ್ತಲೇ ಇರಲಿಲ್ಲ. ಆಗದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ವಾರ ಪಪ್ಪನ ಮೇಲೂ ಸಿಟ್ಟು ಬಂತು.

ಮದುವೆಯಾಗಿ ನಾನು ವಡಾಲಕ್ಕೆ ಬಂದೆ. ಮಗಳು ಮೃಣ್ಮಯಿಯನ್ನು, ಮನೆಯಲ್ಲಿ ಅವಳು ಮಿನೂ, ಒಂದು ಸ್ಟೇಷನ್ ಆಚೆ ಶಿವಡಿಯಲ್ಲಿ ನಮ್ಮ ಕಡೆಯವರ ಸಣ್ಣ ಟ್ರಸ್ಟೊಂದು ನಡೆಸುವ ಶಾಲೆಗೆ ಹಾಕಿದೆವು. ಮೊದಲು ಪೂರ್ತಿ ಕನ್ನಡ ಶಾಲೆ, ಈಗ ಇಂಗ್ಲಿಷ್ ಮೀಡಿಯಂ. ಕನ್ನಡ ದಿನಕ್ಕೊಂದು ತಾಸು. ಹಿಂದಿನ ಗೋಡೆಗೂ ಹಾರ್ಬರ್ ಲೈನಿನ ರೈಲು ಹಳಿಗೂ ನಡುವೆ ಒಂದು ಗಟಾರ ಮಾತ್ರ. ಮುಂಬಯಿಯಲ್ಲಿ ಯಾವ ಶಾಲೆ ಯಾವುದಕ್ಕೆ ಅಂಟಿಕೊಂಡಿಲ್ಲ? ಅದರ ಬಗ್ಗೆ ನಾನು ಯೋಚಿಸಿಯೂ ಇರಲಿಲ್ಲ.

ಮಿನೂ ಇರುವ ಎರಡನೇ ಇಯತ್ತೆಗೆ, ಅಂದರೆ ಎರಡನೇ ತರಗತಿಗೆ, ಅಮೀರುನ್ನೀಸಾ ಟೀಚರ್. ಐವತ್ತನಾಲ್ಕು ವಯಸ್ಸು, ಇಸ್ತ್ರಿ ಮಾಡಿದ ನೂಲಿನ ಸೀರೆ, ತಲೆಯ ಮೇಲೆ ಸೆರಗು, ಕಾಲಲ್ಲಿ ಹುಡುಗರು ಹಾಕುವಂಥ ಬಿಳಿ ಕ್ಯಾನ್ವಾಸ್ ಬೂಟು. ಅವರ ಕ್ಲಾಸಿನಲ್ಲಿ ಒಂದು ರೂಢಿ ಇತ್ತು. ಪ್ರತಿ ಗುರುವಾರ ಒಬ್ಬ ಪಾಲಕರು ಬಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂರಬೇಕು. ಬೆಂಚಿನ ಮೇಲೆ ರಟ್ಟಿನ ಹೊದಿಕೆಯ ಒಂದು ವಹಿ ಇರುತ್ತದೆ. ಅದರ ಮೊದಲ ಪುಟದಲ್ಲಿ ಹೀಗೆ ಬರೆದಿತ್ತು: “ಇಲ್ಲಿ ಕೂತಾಗ ನಿಮಗೆ ಕಂಡದ್ದನ್ನು ಬರೆಯಿರಿ. ಕಂಡದ್ದನ್ನಷ್ಟೆ. ಹೆಸರು ಬೇಡ. ಟೀಚರ್ ಇದಕ್ಕೆ ಉತ್ತರ ಬರೆಯುವುದಿಲ್ಲ.”

ನನ್ನ ಸರದಿ ಬಂದ ದಿನ ನನ್ನ ತಲೆ ಸರಿಯಿರಲಿಲ್ಲ. ಮಿನೂ ಓದುತ್ತಿರಲಿಲ್ಲ. ಡಿಕ್ಟೇಶನ್ ಕೊಟ್ಟರೆ ಒಂದು ಹೇಳಿದರೆ ಇನ್ನೊಂದು ಬರೆಯುತ್ತಿದ್ದಳು. ಕ್ಲಾಸಿನ ಮಮ್ಮಿಗಳ ವಾಟ್ಸಾಪ್ ಗುಂಪಿನಲ್ಲಿ ಉಳಿದ ಮಕ್ಕಳು ಗಿಣಿಗಳಂತೆ ಓದುವ ವಿಡಿಯೋಗಳು. ಯಾರದಾದರೂ ತಪ್ಪಿರಲೇಬೇಕು, ಅದು ನನ್ನದಾಗಿರಬಾರದು ಎಂದು ಒಳಗೊಳಗೇ ನಿಶ್ಚಯಿಸಿಕೊಂಡೇ ನಾನು ಆ ಬೆಂಚಿನಲ್ಲಿ ಕೂತಿದ್ದೆ. ಟೀಚರ್ “ಆನೆಗೆ ಸೊಂಡಿಲು” ಎಂದು ನಿಂತುಬಿಟ್ಟರು. ಮಕ್ಕಳನ್ನು ನೋಡುತ್ತ ಅರ್ಧ ನಿಮಿಷ ಸುಮ್ಮನೆ. ಆಮೇಲೆ “ಯಾಕೆ ಬೇಕು?” ನಾನು ಎಣಿಸತೊಡಗಿದೆ. ಹನ್ನೊಂದು.

ಆಗಸ್ಟಿನಲ್ಲಿ ಒಂದು ದಿನ ಗೇಟಿನ ಹತ್ತಿರ ಅವರೇ ನನ್ನನ್ನು ನಿಲ್ಲಿಸಿದರು.

“ಮಿನೂ ಮಮ್ಮಿ, ಐದ ಮಿನಿಟ ಅದಾವೇನ್ರಿ? ಮಿನೂನ ಕಿವಿ ಒಮ್ಮೆ ತೋರಸ್ರಿ. ಹೆದರೂ ಮಾತಲ್ಲ, ಆದ್ರ ತಡಾ ಮಾಡಬ್ಯಾಡ್ರಿ.”

“ಕಿವಿ? ಅಕಿಗೆ ಕೇಳಸ್ತದಲ್ಲ ಟೀಚರ್. ಕರದ್ರ ಬರ್ತಾಳ.”

“ನೀವು ಎದುರಿಗೆ ಬಂದು ಕರೀತೀರಿ. ಅಕಿ ನಿಮ್ಮ ತುಟಿ ನೋಡತಾಳ. ಕ್ಲಾಸಿನ್ಯಾಗ ಏನರ ಸಪ್ಪಳಾದ್ರ ಹುಡುಗರೆಲ್ಲಾ ಆ ಕಡೆ ಹೊರಳತಾವ. ಮಿನೂ ಸಪ್ಪಳಕ್ಕ ಹೊರಳೂದಿಲ್ಲ, ಹುಡುಗರು ಹೊರಳಿದ್ದು ನೋಡಿ ಹೊರಳತಾಳ. ಒಂದ ಚೂರು ತಡಾ ಆಗಿ. ಮೂರು ವಾರ ನೋಡೇನಿ. ತಾರೀಖ ಹಾಕಿ ಬರದೇನಿ, ಡಾಕ್ಟರಿಗೆ ಇದನ್ನ ಕೊಡ್ರಿ.”

ಯಾವ ಸಪ್ಪಳ ಎಂದು ನಾನು ಕೇಳಲಿಲ್ಲ. ಕಿವಿ ಎಂಬ ಒಂದು ಮಾತು ಕೇಳಿದ ಮೇಲೆ ಬೇರೆ ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಆ ಸಂಜೆ ಮೊಬೈಲಿನಲ್ಲಿ ಏನೇನು ಓದಿದೆನೋ, ಶ್ರೀಶೈಲ ಕೊನೆಗೆ ಅದನ್ನು ಕಸಿದು ಕಪಾಟಿನ ಮೇಲಿಟ್ಟರು. ಕಿವಿಯ ಡಾಕ್ಟರು ಟೀಚರ್ ಬರೆದ ಹಾಳೆಯನ್ನು ಎರಡು ಸಲ ಓದಿ, “ಇದನ್ನು ಬರೆದವರು ಯಾರು?” ಎಂದು ಹಿಂದಿಯಲ್ಲಿ ಕೇಳಿದರು. “ಸ್ಕೂಲ್ ಟೀಚರ್” ಎಂದೆ. “ನನ್ನ ಅರ್ಧ ಕೆಲಸ ಮಾಡಿ ಕಳಿಸಿದ್ದಾರೆ,” ಎಂದರು. ಎರಡೂ ಕಿವಿಯ ಪರದೆಯ ಹಿಂದೆ ನೀರು ತುಂಬಿತ್ತು. ಔಷಧ ಕೊಟ್ಟು ಮೂರು ತಿಂಗಳು ಕಾದು, ದೀಪಾವಳಿಯಾದ ಮೇಲೆ ಪರದೆಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ನಳಿಕೆ ಇಟ್ಟರು.

ಆಸ್ಪತ್ರೆಯಿಂದ ಬಂದ ಸಂಜೆ ಮಿನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: “ಮಮ್ಮೀ, ಫ್ರಿಜ್ ಗುರ್ ಅಂತದ. ದಿನಾ ಅಂತದೇನು?”

ನಾನು ಹಿಟ್ಟಿನ ಕೈಯಲ್ಲೇ ನೆಲದ ಮೇಲೆ ಕೂತೆ. ಡಿಸೆಂಬರಿಗೆ ಅವಳು ಅಂಗಡಿಯ ಬೋರ್ಡುಗಳನ್ನು ಓದುತ್ತ ನಡೆಯುವಂತಾದಳು. ದೇವನಾಗರಿ, ಇಂಗ್ಲಿಷ್, ಸಿಕ್ಕರೆ ಕನ್ನಡ, ಎಲ್ಲ ಜೋರಾಗಿ. ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಜನ ತಿರುಗಿ ನೋಡುವಷ್ಟು ಜೋರಾಗಿ. ಮೆಲ್ಲಗೆ ಓದು ಎಂದು ನಾನು ಇದುವರೆಗೆ ಒಂದು ದಿನವೂ ಹೇಳಿಲ್ಲ.

ಥ್ಯಾಂಕ್ಸ್ ಹೇಳಲು ಬೆಳಗಾವಿಯ ಕುಂದಾ ತೆಗೆದುಕೊಂಡು ಹೋದೆ. ಟೀಚರ್ ಡಬ್ಬಿಯನ್ನು ಮೂಸಿ, “ಛಲೋ ಐತಿ. ಸ್ಟಾಫ್ ರೂಮಿನ್ಯಾಗ ಇಡ್ರಿ, ನನಗ ಶುಗರು,” ಎಂದರು. ಅಷ್ಟಕ್ಕೆ ಮುಗಿಯಿತು. ಆದರೆ ನನಗೆ ಮುಗಿಯಲಿಲ್ಲ. ಮಿನೂನನ್ನು ಕರೆಯಲು ಹೋದಾಗಲೆಲ್ಲ ಹತ್ತು ನಿಮಿಷ ಮೊದಲೇ ಹೋಗಿ, ಗೇಟಿನ ಸ್ಟೂಲಿನ ಮೇಲೆ ಕೂರುವ ಶಾಲೆಯ ಆಯಾ, ಎಲ್ಲರೂ ಮಾವಶಿ ಎನ್ನುವ ಚನ್ನವ್ವನ ಹತ್ತಿರ ಟೀಚರ್ ವಿಷಯ ಕೇಳತೊಡಗಿದೆ. ಮಾವಶಿಗೆ ಹೇಳಲು ಇಷ್ಟ, ನನಗೆ ಕೇಳಲು.

ಅಮೀರುನ್ನೀಸಾ ಟೀಚರ್ ತಂದೆ ಪೀರಸಾಬ ವಿಜಯಪುರದಲ್ಲಿ ದರ್ಜಿ. ಹೊಲಿದದ್ದು ಒಂದು ಎಳೆ ಸೊಟ್ಟಗಾದರೂ ಬಿಚ್ಚುತ್ತಿದ್ದರಂತೆ. ಗಿರಾಕಿ ಇರಲಿ ಬಿಡ್ರಿ ಎಂದರೂ ಬಿಡುತ್ತಿರಲಿಲ್ಲ. ಮಗಳು ಟೀಚರ್ ಟ್ರೇನಿಂಗ್ ಮುಗಿಸಿದ ದಿನ ಅವರು ಕೊಟ್ಟದ್ದು ಹೊಲಿಗೆ ಬಿಚ್ಚುವ ಒಂದು ಸಣ್ಣ ಚೂರಿ. ಅದು ಇಂದಿಗೂ ಟೀಚರ್ ಕಂಪಾಸ್ ಪೆಟ್ಟಿಗೆಯಲ್ಲಿದೆ. ಪೆನ್ಸಿಲ್ ಕೆತ್ತಲು ಬಳಸುತ್ತಾರೆ. ಗಂಡ ರಫೀಕ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಮದುವೆಯಾಗಿ ಶಿವಡಿಯ ಚಾಳೊಂದರ ಮನೆಗೆ ಬಂದ ವರ್ಷವೇ ಟೀಚರ್ ಈ ಶಾಲೆ ಸೇರಿದರು.

ಹತ್ತು ವರ್ಷದ ಹಿಂದೆ ಶಾಲೆ ಇಂಗ್ಲಿಷ್ ಮೀಡಿಯಂ ಆದಾಗ ಹಳೆಯ ಕನ್ನಡ ಟೀಚರುಗಳಲ್ಲಿ ಇಬ್ಬರು ಬಿಟ್ಟು ಹೋದರು. ಈಕೆ ಹೆಡ್‌ಮಾಸ್ತರರ ಪರವಾನಗಿ ಕೇಳಿ, ಒಂದು ವರ್ಷ ತಮ್ಮ ಬಿಡುವಿನ ತಾಸುಗಳನ್ನೆಲ್ಲ ಒಂದನೇ ಇಯತ್ತೆಯ ಇಂಗ್ಲಿಷ್ ಕ್ಲಾಸಿನಲ್ಲಿ ಮಕ್ಕಳ ಜೊತೆ ಕೂತು ಕಳೆದರು. ಮೊಣಕಾಲು ಬೆಂಚಿನ ಕೆಳಗೆ ಹಿಡಿಯುತ್ತಿರಲಿಲ್ಲ, ಅಡ್ಡ ಕೂರುತ್ತಿದ್ದರು. ಪಕ್ಕದ ಹುಡುಗಿ ಇವರ ವಹಿ ಇಣುಕಿ, “ಟೀಚರ್, ಸ್ಪೆಲಿಂಗ್ ರಾಂಗ್,” ಎಂದರೆ ಅಳಿಸಿ ಬರೆಯುತ್ತಿದ್ದರು. ಐವತ್ತೊಂದನೆಯ ವಯಸ್ಸಿಗೆ, ಕೇಳುವುದು ಓದುವುದು ತೊಡಕಾದ ಮಕ್ಕಳನ್ನು ಗುರುತಿಸುವ ಒಂದು ಕೋರ್ಸಿಗೆ ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಹೆಸರು ಹಚ್ಚಿದರು. ಎಂಟು ತಿಂಗಳು, ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಹಾರ್ಬರ್ ಲೋಕಲ್ ಹಿಡಿದು. ಯಾರೂ ಹೋಗಿ ಎಂದಿರಲಿಲ್ಲ, ಹೋದದ್ದಕ್ಕೆ ಬಡ್ತಿಯೂ ಇರಲಿಲ್ಲ. ಮೊದಲ ದಿನ ಕ್ಲಾಸಿಗೆ ಕಾಲಿಟ್ಟಾಗ ಹುಡುಗಿಯರೆಲ್ಲ ಎದ್ದು ಗುಡ್ ಆಫ್ಟರ್‌ನೂನ್ ಮ್ಯಾಡಮ್ ಎಂದರಂತೆ. ಇವರು ಹೋಗಿ ಅವರ ನಡುವೆ ಕೂತರಂತೆ.

“ಆವಾಗ ರಫೀಕ ಸಾಹೇಬ್ರು ಗೇಟಿನ್ಯಾಗ ನಿಂತು ಏನಂತಿದ್ರು ಗೊತ್ತೇನ ತಂಗಿ?” ಎಂದು ಚನ್ನವ್ವ ನಕ್ಕಳು. “ನನಗ ರಿಟೈರ್ ಆತು, ಈಕಿಗಿನ್ನ ಅಡ್ಮಿಶನ್ ಆಗಾಕ ಹತ್ತೈತಿ ಅಂತಿದ್ರು.”

ಆ ಕೋರ್ಸಿನಲ್ಲಿ ಕಲಿತದ್ದು ನನ್ನ ಮಗಳ ಕಿವಿಗೆ ಬಂತು. ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ. ಮೂರು ವರ್ಷ ಹಿಂದೆ ಒಂದು ಶನಿವಾರ ಅವರಿಗೆ ಬೇಸರವಾಗಿ ಗಾಡಿ ಹತ್ತದೆ ಮನೆಗೆ ಹೋಗಿದ್ದರೆ, ಆ ದಿನವೇ ಆ ಪಾಠ ಆಗಿದ್ದರೆ, ಎಂದೆಲ್ಲ. ಹೆದರುವವರಿಗೆ ಆಗಿಹೋದ ಒಳ್ಳೆಯದರ ಬಗ್ಗೆಯೂ ಹೆದರಿಕೆ.

ಈ ವರ್ಷ ಟ್ರಸ್ಟ್ ತನ್ನ ಮೂರೂ ಶಾಲೆಗಳಿಗೆ ಹೊಸ ಪದ್ಧತಿ ತಂದಿತು. ಶಿಕ್ಷಕರ ವೃತ್ತಿ ಮಾನದಂಡ ಎಂಬ ಅಚ್ಚು ಹಾಕಿಸಿದ ಫಾರ್ಮು. ವಿಷಯಜ್ಞಾನ, ಸಿದ್ಧತೆ, ಪಾಠದ ನಿರಂತರತೆ, ಮಕ್ಕಳೊಂದಿಗಿನ ನಡೆ, ಸ್ವಂತ ಕಲಿಕೆ, ಹೀಗೆ ತಲೆಬರಹಗಳು. ಪ್ರತಿಯೊಂದಕ್ಕೂ ಪುರಾವೆ ಲಗತ್ತಿಸಬೇಕು. ಹಿರಿಯರಲ್ಲಿ ಒಬ್ಬರನ್ನು ಮಾರ್ಗದರ್ಶಿ ಶಿಕ್ಷಕರೆಂದು ಆರಿಸಿ, ವಾರಕ್ಕೆರಡು ದಿನ ಹೊಸಬರ ಕ್ಲಾಸುಗಳಲ್ಲಿ ಕೂತು ಅವರನ್ನು ತಿದ್ದುವ ಕೆಲಸ ಕೊಡುತ್ತಾರೆ. ಅಮೀರುನ್ನೀಸಾ ಟೀಚರಿಗೆ ನಿವೃತ್ತಿಗೆ ನಾಲ್ಕೇ ವರ್ಷ. ಆ ಕೆಲಸ ಸಿಕ್ಕರೆ ಹಿಂದಿನ ಬೆಂಚಿನ ರೂಢಿ ಮೂರು ಶಾಲೆಗೂ ಹೋಗುತ್ತದೆ. ಸಿಗದಿದ್ದರೆ ಅವರ ಜೊತೆಗೇ ಮುಗಿಯುತ್ತದೆ. ಅವರು ಬೇರೆ ಯಾವುದನ್ನೂ ಇಷ್ಟು ಆಸೆಪಟ್ಟದ್ದು ತಾನು ಕಂಡಿಲ್ಲ ಎಂದಳು ಚನ್ನವ್ವ.

ಫಾರ್ಮಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಗೊಣಗಾಟ ನಡೆದಾಗ ಟೀಚರ್ ಮಾತ್ರ, “ಅಳತಿ ತಗೊಳ್ಳಾರದ ಹೊಲಿಯಾಕ ಬರತೈತೇನ? ತಗೊಳ್ಳಿ ಬಿಡ್ರಿ,” ಎಂದರಂತೆ. ಉಳಿದವರು ಸರ್ಟಿಫಿಕೇಟು, ವಾರ್ಷಿಕ ಗ್ಯಾದರಿಂಗಿನ ಫೋಟೋ ಲಗತ್ತಿಸಿದರು. ಇವರು ಹಿಂದಿನ ಬೆಂಚಿನ ವಹಿಗಳನ್ನು, ಈ ವರ್ಷದ್ದೂ ಸೇರಿ ಐದು ವರ್ಷದ್ದು, ಒಂದು ಪುಟವನ್ನೂ ಬಿಡದೆ ಕಟ್ಟಿ ಕೊಟ್ಟರು.

ಅದೇ ಎಡವಟ್ಟಾಯಿತು.

“ಯಾವ ಪುಣ್ಯಾತಗಿತ್ತಿ ಬರದಾಳೋ ಏನೋ ತಂಗಿ,” ಎಂದು ಚನ್ನವ್ವ ಆ ಸೋಮವಾರ ನನಗೆ ಹೇಳಿದಳು. “ಟೀಚರಗ ಮರವು ಬಂದೈತಿ, ವಯಸ್ಸಾಗೈತಿ ಅಂತ. ಕಮಿಟಿಯವರು ಅದನ್ನ ಹಿಡಕೊಂಡ ಕುಂತಾರ. ಪಾಠದ ನಿರಂತರತಾ ಅಂತ ಒಂದ ಕಲಮು ಐತೆಂತ, ಅದರಾಗ ಇವರು ಹ್ಯಾಂಗ ಪಾಸ ಅಂತ ಕೇಳ್ಯಾರ. ಇವರು ಬಾಯಿ ಬಿಟ್ಟಿಲ್ಲ. ಬರದವರಿಗೆ ಉತ್ತರ ಕೊಡೂದಿಲ್ಲ ಅನ್ನೂದು ಆ ವಹಿ ಕರಾರ, ಅದನ್ನ ನಾ ಮುರಿಯೂದಿಲ್ಲ ಅಂದಾರ. ಶನಿವಾರ ಫೈಸಲಾ.”

ಆ ಪುಣ್ಯಾತಗಿತ್ತಿ ನಾನೇ. ಆದರೂ ನಾನು ಬರೆದದ್ದು ಸುಳ್ಳಲ್ಲವಲ್ಲ ಎಂಬ ಒಂದು ಹಟ ಒಳಗೆ ಇತ್ತು.

“ಆದ್ರ ಮಾವಶಿ, ಅವರು ನಡುವ ನಿಲ್ಲಸ್ತಾರಲ್ಲ. ನಾನೂ ನೋಡೀನಿ.”

ಚನ್ನವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಗಾಡಿ ಬಂದ್ರ ನಿಲ್ಲಸಬ್ಯಾಡೇನು?”

“ಯಾವ ಗಾಡಿ?”

ಅವಳು ಹಳಿಯ ಕಡೆ ಕಿವಿಯಿಟ್ಟಳು. ಒಂದು ಬೆರಳು ಎತ್ತಿದಳು. ಶಾಲೆಯ ಹಿಂದೆ ಒಂದು ಲೋಕಲ್ ಬಂತು; ಗೇಟಿನ ಚಿಲಕ ಸಣ್ಣಗೆ ನಡುಗಿತು, ಸ್ಟೂಲಿನ ಪಕ್ಕದ ಗ್ಲಾಸಿನಲ್ಲಿ ಚಹಾ ಸುತ್ತು ಸುತ್ತಾಗಿ ಅಲುಗಿತು. ಕೊನೆಯ ಡಬ್ಬಿ ಹೋಗುವ ತನಕ ಬೆರಳು ಹಾಗೇ ಇತ್ತು. “ಇದು,” ಎಂದಳು.

ಅಂದು ನಾನು ಅಲ್ಲಿ ಅರ್ಧ ತಾಸಿನಿಂದ ನಿಂತಿದ್ದೆ. ಅದಕ್ಕೂ ಮೊದಲು ಎಷ್ಟು ಗಾಡಿ ಹೋಗಿದ್ದವೋ, ಒಂದೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಬೊರಿವಲಿಯ ಮನೆಯಲ್ಲಿ ತೊಟ್ಟಿಲಿನಿಂದಲೇ ಕೇಳಿ ಕೇಳಿ, ನನಗೆ ಗಾಡಿಯ ಸಪ್ಪಳ ಎಂದರೆ ಸಪ್ಪಳವೇ ಅಲ್ಲ.

ಆಮೇಲೆ ಚನ್ನವ್ವ ಹೇಳಿದ್ದು ಟೀಚರ್ ನೌಕರಿಯ ಮೊದಲ ವರ್ಷದ ಕಥೆ. ಆಗ ಚನ್ನವ್ವ ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಿದ್ದಳು; ಅವಳ ಮಗಳು ಹಿಂದಿನ ಬೆಂಚಿನಲ್ಲಿ, ಕಿಟಕಿಯ ಬದಿಗೆ. ಒಂದು ಮಳೆಯ ಮಧ್ಯಾಹ್ನ ಮಗಳನ್ನು ಕರೆಯಲು ಬೇಗ ಬಂದು, ನೆನೆಯಬಾರದೆಂದು ಕ್ಲಾಸಿನೊಳಗೇ ಹೋಗಿ ಹಿಂದೆ ಕೂತಳು. ಬಿಟ್ಟ ಮೇಲೆ, “ಟೀಚರ್ರ, ಗಾಡಿ ಬಂದಾಗ ನೀವು ಹೇಳಿದ್ದು ಹಿಂದ ಕೇಳಸೂದಿಲ್ರಿ,” ಎಂದಳು. ಮರುದಿನ ಟೀಚರ್ ತಾವು ಹಿಂದಿನ ಬೆಂಚಿನಲ್ಲಿ ಕೂತು, ಚನ್ನವ್ವನನ್ನು ಬರೆಯುವ ಕರಿ ಫಳಿಯ ಮುಂದೆ ನಿಲ್ಲಿಸಿ ಮಾತಾಡು ಎಂದರು.

“ನಾ ಏನ ಹೇಳ್ಲಿ? ಅಕ್ಷರ ಬರೂದಿಲ್ಲ ನನಗ. ಜ್ವಾಳದ ರೊಟ್ಟಿ ಬಡಿಯೂದು ಹೇಳಿದೆ. ಅಷ್ಟರಾಗ ಗಾಡಿ ಬಂತು. ಹೋದ ಮ್ಯಾಲ ಟೀಚರ್ ಅಂದ್ರು, ಚನ್ನವ್ವಾ, ಹಿಟ್ಟು ನಾದಿದ್ದು ಕೇಳಿತು, ಹೆಂಚಿನ ಮ್ಯಾಲ ತಿರುವಿ ಹಾಕಿದ್ದು ಕೇಳಿತು, ನಡುವ ರೊಟ್ಟಿ ಬಡದದ್ದ ಇಲ್ಲ. ಹಿಂದಿನ ಎರಡ ಬೆಂಚಿಗೆ ಇಷ್ಟ ದಿನ ನಾನು ಬಡೀದ ರೊಟ್ಟಿ ಕೊಟ್ಟೇನಿ. ಹಂಗಂದು ಕಣ್ಣೀರ ತೆಗದ್ರು ನೋಡು.”

ಅಂದೇ ಸಂಜೆ ಮೊದಲನೆಯ ವಹಿ ಬಂತು. ಅದರ ಮೊದಲ ಸಾಲು ಚನ್ನವ್ವ ಹೇಳಿದ್ದು, ಟೀಚರ್ ಬರೆದದ್ದು: ಗಾಡಿ ಬಂದಾಗ ಹಿಂದ ಕೇಳಸೂದಿಲ್ಲ. ಅಂದಿನಿಂದ ಗಾಡಿ ಬಂದರೆ ಅವರು ಮಾತಿನ ನಡುವೆಯೇ ನಿಲ್ಲುತ್ತಾರೆ. ನಿಂತಾಗ ಸುಮ್ಮನಿರುವುದಿಲ್ಲ, ಒಂದೊಂದೇ ಮುಖ ನೋಡುತ್ತಾರೆ. ಯಾರು ಹೊರಳಿದರು, ಯಾರು ಹೊರಳಲಿಲ್ಲ ಎಂದು. ನಾನು ಹನ್ನೊಂದು ಎಂದು ಎಣಿಸುತ್ತ ಕೂತಿದ್ದ ಆ ಗುರುವಾರ ಅವರು ಹನ್ನೊಂದು ಸಲ ನನ್ನ ಮಗಳನ್ನು ನೋಡುತ್ತಿದ್ದರು.

ಮರುದಿನ ಶಾಲೆ ಬಿಟ್ಟ ಮೇಲೆ ಅವರ ಕ್ಲಾಸಿಗೆ ಹೋದೆ. ಫಳಿ ಒರೆಸುತ್ತಿದ್ದರು.

“ಟೀಚರ್, ಆ ಜುಲೈ ತಿಂಗಳದ ಪುಟ ನೀವು ವಾಪಸ್ ತಗೋರಿ. ಹರದು ಬಿಡ್ರಿ. ಅದನ್ನ ಬರದಾಕಿ…”

“ಯಾರು ಬರದಾರ ಅಂತ ನಾ ಕೇಳೂದಿಲ್ಲ, ನೀವೂ ಹೇಳಬ್ಯಾಡ್ರಿ ಮಿನೂ ಮಮ್ಮಿ.” ಹೇಳುವಾಗ ಅವರು ತಿರುಗಲಿಲ್ಲ. ದಿನವೂ ಮಿನೂನ ಡೈರಿಯಲ್ಲಿ ಅದೇ ನೀಲಿ ಪೆನ್ನಿನ, ಅದೇ ದುಂಡಗಿನ ಅಕ್ಷರ ನೋಡುವವರಿಗೆ ಗೊತ್ತಾಗದೆ ಇರುತ್ತದೆಯೇ? ಜುಲೈಯಲ್ಲೇ ಗೊತ್ತಿತ್ತು. ಗೊತ್ತಿದ್ದೂ ಆಗಸ್ಟಿನಲ್ಲಿ ಗೇಟಿಗೆ ಬಂದು ನನ್ನನ್ನು ನಿಲ್ಲಿಸಿದ್ದರು.

“ಒಂದ ಪುಟ ಹರದ್ರ ಉಳದ ಪುಟಾನೂ ಸುಳ್ಳ ಆಗತಾವ,” ಎಂದರು. “ಆ ಸಾಲಿನ್ಯಾಗ ಸುಳ್ಳರ ಏನೈತಿ? ಹನ್ನೊಂದ ಸಲ ನಿಂತದ್ದು ಖರೇನ. ಯಾಕ ನಿಂತೇನಿ ಅಂತ ಹಿಂದ ಕುಂತವರಿಗೆ ತಿಳೀಲಿಲ್ಲ ಅಂದ್ರ ಅದು ನನ್ನ ಕಡಿಮಿ. ಇಪ್ಪತ್ತೇಳು ವರ್ಷ ಹುಡುಗರಿಗೆ ಗೊತ್ತಿತ್ತು, ನನಗ ಗೊತ್ತಿತ್ತು, ಹೊರಗಿಂದ ಬಂದವರಿಗೆ ಗೊತ್ತಿಲ್ಲ ಅನ್ನೂದ ನನ್ನ ತಲ್ಯಾಗ ಬಂದಿದ್ದಿಲ್ಲ. ಅದನ್ನ ಓದಿದ ಮ್ಯಾಲ ನಾನು ಕೈ ಎತ್ತಾಕ ಸುರು ಮಾಡೇನಿ. ಗಾಡಿ ಬಂದ್ರ ಹಿಂಗ.” ಡಸ್ಟರ್ ಹಿಡಿದ ಕೈ ಮೇಲೆತ್ತಿದರು. “ಈಗ ಹುಡುಗರೂ ಎತ್ತತಾವ. ಶಬ್ರೀನ ಟೀಚರೂ ಎತ್ತತಾಳ. ಬರದವರಿಗೆ ಒಂದ ಶುಕ್ರಿಯಾ ಬಾಕಿ ಐತಿ ನನ್ನದು.”

ಶಬ್ರೀನ ಪಕ್ಕದ ಕ್ಲಾಸಿನ ಹೊಸ ಟೀಚರ್. ಕೆಲಸಕ್ಕೆ ಸೇರಿದ ಮೊದಲ ತಿಂಗಳು ದಿನವೂ ಅಳುತ್ತಿದ್ದವಳನ್ನು ತಮ್ಮ ಹಿಂದಿನ ಬೆಂಚಿನಲ್ಲಿ ಕೂಡಿಸಿಕೊಂಡು, ಆಮೇಲೆ ತಾವು ಅವಳ ಕ್ಲಾಸಿನ ಹಿಂದಿನ ಬೆಂಚಿಗೆ ಹೋಗಿ ಕೂತು ಕೆಲಸದಲ್ಲಿ ನಿಲ್ಲಿಸಿದವರು ಇವರೇ.

 ನನ್ನ ತಪ್ಪಿನಿಂದಲೂ ಇವರು ಕಲಿತುಬಿಟ್ಟಿದ್ದರು. “ಮತ್ತ ಆ ವಯಸ್ಸಿನ ಮಾತು?” ಎಂದೆ ಕೊನೆಗೆ.

ಅವರು ಸ್ವಲ್ಪ ಹೊತ್ತು ಡಸ್ಟರನ್ನು ಕಿಟಕಿಯ ಕಂಬಿಗೆ ಬಡಿದರು. “ಅದು ಕಂಡದ್ದಲ್ಲ. ಅಂದಾಜು. ಕಂಡದ್ದಷ್ಟ ಬರೀರಿ ಅಂತ ಮೊದಲನೇ ಪುಟದಾಗ ಐತಿ.” ಆ ಒಂದು ಮಾತನ್ನಷ್ಟೇ ಸಣ್ಣ ದನಿಯಲ್ಲಿ ಹೇಳಿದರು. ಅದು ಅವರಿಗೆ ಚುಚ್ಚಿತ್ತು.

ಟ್ರಸ್ಟಿನ ಸೆಕ್ರೆಟರಿ ಅಣವೀರಪ್ಪನವರ ನಂಬರು ಶಾಲೆಯ ಡೈರಿಯ ಕೊನೆಯ ಪುಟದಲ್ಲಿದೆ. ಬುಧವಾರ ಆ ಪುಟ ತೆರೆದಿಟ್ಟುಕೊಂಡು ಅಡುಗೆ ಮಾಡಿದೆ. ಫೋನು ಮಾಡಿದರೆ ಹೆಸರು ಹೇಳಬೇಕು. ಹೇಳಿದರೆ ಮಮ್ಮಿಗಳ ಗುಂಪಿನಲ್ಲಿ ಸಂಜೆಯೊಳಗೆ ಎಲ್ಲರಿಗೂ ಗೊತ್ತು: ಮಗಳ ಕಿವಿ ಉಳಿಸಿದ ಟೀಚರಿಗೆ ಮರೆವು ಎಂದು ಬರೆದವಳು ಇವಳೇ. ಮಿನೂಗೆ ಇನ್ನೂ ಎಂಟು ವರ್ಷ ಆ ಶಾಲೆಯಿದೆ. ಹೆಸರಿಲ್ಲದೆ ಒಂದು ಚೀಟಿ ಬರೆದು ಹಾಕಿದರೆ? ಹೆಸರಿಲ್ಲದೆ ಬರೆದದ್ದರಿಂದಲೇ ಇಷ್ಟಾದದ್ದು.

ಗುರುವಾರ ಶ್ರೀಶೈಲ ಕೇಳಿದರು. “ಇವತ್ತೂ ಡೈರಿನ ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟೀ? ಪಲ್ಯಾಕ್ಕ ಎರಡ ಸಲ ಉಪ್ಪು ಬಿದ್ದದ.”

“ಏನಂತ ಹೇಳ್ಲಿ ಹೇಳ್ರಿ ಅವರಿಗೆ?”

“ಕಂಡದ್ದು ಹೇಳು. ಜುಲೈದಾಗ ಕಂಡಿರಲಿಲ್ಲ, ಈಗ ಕಂಡದ ಅಂತ ಹೇಳು. ಏನ, ಅವರು ಫೋನಿನೊಳಗಿಂದ ಕೈ ಹಾಕಿ ನಿನ್ನ ಕಿವಿ ಹಿಂಡ್ತಾರೇನು?”

ಶುಕ್ರವಾರ ಬೆಳಿಗ್ಗೆ ಮಿನೂನನ್ನು ಬಿಡಲು ಹೋದಾಗ ಅವಳ ಕ್ಲಾಸಿನ ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಗಾಡಿ ಬಂತು. ಟೀಚರ್ ಕೈ ಎತ್ತಿದರು. ಮೂವತ್ತೆಂಟು ಸಣ್ಣ ಕೈಗಳು ಎದ್ದವು. ಮೊದಲು ಎದ್ದದ್ದು ಮಿನೂನದು. ಅವಳು ಯಾರನ್ನೂ ನೋಡಿ ಎತ್ತಿರಲಿಲ್ಲ.

ಶಿವಡಿ ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರ್ಮಿನ ತುದಿಯ ಬಾಕಿನ ಮೇಲೆ ಕೂತು, ಡೈರಿಯ ಕೊನೆಯ ಪುಟ ನೋಡಿ ನಂಬರು ಒತ್ತಿದೆ.

“ಹಲೋ, ಯಾರ್ರಿ?”

“ನಮಸ್ಕಾರ ಸರ್. ನಾನು ಸ್ನೇಹಲ್. ಎರಡನೇ ಇಯತ್ತೆ ಮೃಣ್ಮಯಿಯ ಮಮ್ಮಿ.”

“ಹಾಂ ಹೇಳವಾ. ಬಸ್ಸಿನ ತಕರಾರಿದ್ರ ಹೆಡ್‌ಮಾಸ್ತರಗ ಹೇಳ ತಂಗಿ, ನಾ ಅಂಗಡಿಯೊಳಗ ಅದೇನಿ, ಗಿರಾಕಿ ನಿಂತಾವ.”

“ಬಸ್ಸಿಂದಲ್ಲ ಸರ್. ಅಮೀರುನ್ನೀಸಾ ಟೀಚರ್ ವಹಿಯೊಳಗ ಜುಲೈ ತಿಂಗಳದ ಒಂದ ಬರಹ ಅದ. ಹನ್ನೊಂದ ಸಲ ನಿಲ್ಲಿಸಿದ್ರು, ಮರವು, ವಯಸ್ಸು ಅಂತ.”

ಆ ಕಡೆ ಯಾರಿಗೋ ತಡಿ ಎಂದದ್ದು ಕೇಳಿಸಿತು. “ಐತಿ. ನಾಳೆ ಅದರದ ಮಾತು ಐತಿ. ನಿನಗ ಹ್ಯಾಂಗ ಗೊತ್ತು?”

“ಅದನ್ನ ಬರದಾಕಿ ನಾನು ಸರ್. ಕಂಡದ್ದಷ್ಟ ಬರೀಬೇಕಿತ್ತು, ಕಾಣದ್ದೂ ಬರದೆ. ಅವರು ನಿಂತದ್ದು ಯಾಕಂದ್ರ…”

ವಡಾಲದ ಕಡೆಯಿಂದ ಲೋಕಲ್ ಬಂತು. ಬರುವುದು ಈ ಸಲ ನನಗೆ ದೂರದಿಂದಲೇ ಕೇಳಿಸಿತ್ತು. ನಾನು ಮಾತು ನಿಲ್ಲಿಸಿದೆ. ಗಾಡಿ ಬಂದು ನಿಂತಿತು, ಜನ ಇಳಿದರು, ಜನ ಹತ್ತಿದರು, ಡಬ್ಬಿಗಳು ಒಂದೊಂದಾಗಿ ಮುಂದೆ ಸರಿದವು.

“ಹಲೋ? ಹಲೋ ತಂಗಿ? ಕಟ್ ಆತೇನು?”

ಕೊನೆಯ ಡಬ್ಬಿ ಹೋಯಿತು.

“ಇಲ್ಲ ಸರ್, ಇದ್ದೀನಿ. ಗಾಡಿ ಬಂತು. ನಿಮಗ ಕೇಳಸೂದಿಲ್ಲ ಅಂತ ನಿಂತೆ,” ಎಂದೆ. “ಈಗ ಹೇಳ್ತೀನಿ, ಕೇಳ್ರಿ.”